ಔಷಧ ಗೋದಾಮಿನಲ್ಲಿ ಜೋಡಣೆ ಹೇಗಿರಬೇಕು?

ಔಷಧಗಳ ಸಗಟು ಗೋದಾಮಿನಲ್ಲಿ ಸರಕನ್ನು ಕಂಪೆನಿವಾರು ಇಲ್ಲವೆ ಅಕ್ಷರಾನುಕ್ರಮದಲ್ಲಿ ಜೋಡಿಸುವುದು ರೂಢಿ. ನೋಡಲು ಅಚ್ಚುಕಟ್ಟು, ನಿಜ. ಆದರೆ ಆರ್ಡರ್ ಚೀಟಿ ಹಿಡಿದ ನೌಕರನ ಹೊತ್ತು ನಡಿಗೆಯಲ್ಲೇ ಕಳೆಯುತ್ತದೆ. ದಿನವೂ ಬೇಡಿಕೆಯಿರುವ ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವು ಪ್ಯಾಕಿಂಗ್ ಮೇಜಿನ ಸಮೀಪ, ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿರಬೇಕು. ಅಪರೂಪಕ್ಕೆ ಹೋಗುವಂಥವು ಹಿಂಬದಿಗೆ.

ಅಕ್ಷರಾನುಕ್ರಮದ ದೊಡ್ಡ ಅಪಾಯ ಬೇರೆಯೇ ಇದೆ. ಡೋಪಮಿನ್, ಡೋಬುಟಮಿನ್ ಅಕ್ಕಪಕ್ಕ ಬಂದು ಕೂರುತ್ತವೆ. ಎರಡೂ ತೀವ್ರ ನಿಗಾ ಘಟಕದ ಚುಚ್ಚುಮದ್ದುಗಳು. ಒಂದರ ಬದಲು ಇನ್ನೊಂದು ಹೋದರೆ ಪರಿಣಾಮ ಅನುಭವಿಸುವವನು ರೋಗಿ. ಇಂಥವನ್ನು ಬೇರೆ ಬೇರೆ ಸಾಲಿನಲ್ಲಿಡುವುದೇ ಕ್ಷೇಮ.

ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮವೂ ಇಲ್ಲಿ ಸಾಲದು: ಅವಧಿ ಮೊದಲು ಮುಗಿಯುವ ಪೆಟ್ಟಿಗೆಯೇ ಮುಂದಿರಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕಾದ ಇನ್ಸುಲಿನ್ ದಾಸ್ತಾನನ್ನು ಎಲ್ಲದರ ಕೊನೆಗೆ, ವಾಹನ ಸಿದ್ಧವಾದ ಮೇಲೆಯೇ ಹೊರತೆಗೆಯಬೇಕು.