ಕೂಸು ಹೊರುವ ಯಂತ್ರ

ಕುದುರೆಮುಖದ ಕಾಡಿನ ಸಿಂಗಳೀಕಕ್ಕೆ ನೆಲದ ಹಂಗು ಅಷ್ಟಾಗಿ ಇಲ್ಲ. ಊಟ, ನಿದ್ದೆ, ಜಗಳ, ಸಂಸಾರ ಹೆಚ್ಚುಪಾಲು ಮರದ ಮೇಲೆಯೇ. ಹಲಸಿನ ಮರದಿಂದ ಅತ್ತಿಯ ಮರಕ್ಕೆ ಜಿಗಿಯುವ ತಾಯಿಯ ಹೊಟ್ಟೆಗೆ ಪುಟ್ಟ ಕಪ್ಪು ಮರಿಯೊಂದು ಅಂಟಿಕೊಂಡಿರುತ್ತದೆ. ಆ ಗಳಿಗೆಯಲ್ಲಿ ತಾಯಿಯ ನಾಲ್ಕೂ ಕೈಕಾಲು ಕೊಂಬೆಗೆ ಮೀಸಲು. ಮರಿಯನ್ನು ಹಿಡಿಯಲು ಒಂದೂ ಉಳಿದಿರುವುದಿಲ್ಲ. ಹಿಡಿಯುವ ಕೆಲಸವೆಲ್ಲ ಮರಿಯದೇ. ಎರಡು ಕೈ, ಎರಡು ಕಾಲು, ನಾಲ್ಕರಲ್ಲೂ ತಾಯಿಯ ರೋಮ. ಒಂದು ಹೆರಿಗೆಗೆ ಒಂದೇ ಮರಿ, ಮುಂದಿನದಕ್ಕೆ ಎರಡು ಮೂರು ವರ್ಷ ಕಾಯಬೇಕು. ಹಾಗಾಗಿ ಈ ಹಿಡಿತ ತಪ್ಪಿದರೆ ನಷ್ಟ ದೊಡ್ಡದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1983-84ರಲ್ಲಿ ಈ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಲು ಮುಖ್ಯ ಕಾರಣವೂ ಇವೇ.

ಕೂಸನ್ನು ಮೈಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಕೊಳ್ಳಲು ಹೊರಟವರಿಗೆ ಈ ಮರಿ ಒಂದು ಸುಳಿವು ಕೊಡುತ್ತದೆ. ಅಂಗಡಿಯಲ್ಲಿ, ಮೊಬೈಲಿನಲ್ಲಿ ಕೆಲವು ನೂರು ರೂಪಾಯಿಯಿಂದ ಹಿಡಿದು ಹತ್ತು ಸಾವಿರ ದಾಟಿದ ಪಟ್ಟಿಗಳವರೆಗೆ ಸಾಲುಗಟ್ಟಿವೆ. ಬಣ್ಣ, ಜೇಬು, ಜಾಲರಿ, ನಾಲ್ಕು ಭಂಗಿ, ಆರು ಭಂಗಿ ಎಂಬ ಜಾಹೀರಾತು ನೋಡಿ ತಲೆ ತಿರುಗುವುದು ಸಹಜ. ಆದರೆ ಈ ಯಂತ್ರಕ್ಕೆ ಇರುವ ಕೆಲಸ ಒಂದೇ: ನಮ್ಮ ಕೂಸು ಕಳೆದುಕೊಂಡಿರುವ ಹಿಡಿತವನ್ನು ತುಂಬಿಕೊಡುವುದು. ಆ ಕೆಲಸ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ಹಿಡಿತ ಪೂರ್ತಿ ಹೋಗಿಲ್ಲ. ಹುಟ್ಟಿದ ಕೂಸಿನ ಅಂಗೈಗೆ ಬೆರಳು ತಾಗಿಸಿದರೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಲೂಯಿ ರಾಬಿನ್ಸನ್ ನವಜಾತ ಶಿಶುಗಳನ್ನು ಕೋಲಿಗೆ ಜೋತುಬೀಳಿಸಿ ನೋಡಿದ. ಬಹುತೇಕ ಶಿಶುಗಳು ಹತ್ತು ಸೆಕೆಂಡಾದರೂ ತಮ್ಮ ಭಾರ ತಾವೇ ಹೊತ್ತವು. ಇಂದು ಯಾರೂ ಮಾಡಬಾರದ, ಯಾವ ನೀತಿ ಸಮಿತಿಯೂ ಒಪ್ಪದ ಪ್ರಯೋಗ. ಕೈಯಲ್ಲಿ ಉಳಿದ ಈ ಶಕ್ತಿಯೂ ಐದಾರು ತಿಂಗಳಲ್ಲಿ ಮರೆಯಾಗುತ್ತದೆ. ಕಾಲಿನದಂತೂ ಯಾವತ್ತೋ ಹೋಗಿದೆ: ಕೋತಿಯ ಹೆಬ್ಬೆರಳಿನಂತೆ ನಮ್ಮ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರು ನಿಲ್ಲದು. ಇತ್ತ ಅಮ್ಮನ ಮೈಯಲ್ಲೂ ಹಿಡಿಯಲು ರೋಮವಿಲ್ಲ. ಎರಡು ಕಾಲಲ್ಲಿ ನೆಟ್ಟಗೆ ನಿಂತವಳ ಹೊಟ್ಟೆ ಕೂಸಿನ ಪಾಲಿಗೆ ಜಾರುವ ಗೋಡೆ.

ಹಿಡಿತ ಹೋದರೂ ಹೊರಿಸಿಕೊಳ್ಳುವ ಬಯಕೆ ಹೋಗಲಿಲ್ಲ. 1970ರಲ್ಲಿ ಜರ್ಮನಿಯ ಜೀವವಿಜ್ಞಾನಿ ಬೆರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಇದನ್ನೇ ಹೇಳಿದರು. ಬೆಕ್ಕು, ಹುಲಿಗಳ ಮರಿ ಗೂಡಿನಲ್ಲಿ ಅಡಗಿ ಬೆಳೆಯುತ್ತದೆ. ಕಡವೆ, ಕಾಟಿಗಳ ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಮೂರನೆಯ ಗುಂಪಿನದು ಹೊರಿಸಿಕೊಂಡೇ ಬೆಳೆಯುವ ಮರಿ. ಕೋತಿಯ ಮರಿಯೂ ನಮ್ಮ ಕೂಸೂ ಆ ಗುಂಪಿನವು. ಹಾಲೇ ಇದಕ್ಕೆ ಸಾಕ್ಷಿ. ಸಾಕುಮೊಲ ದಿನಕ್ಕೊಮ್ಮೆ ಗೂಡಿಗೆ ಬಂದು ಗಟ್ಟಿ ಹಾಲು ಕುಡಿಸಿ ಹೊರಟುಬಿಡುತ್ತದೆ. ಮನುಷ್ಯರ ಹಾಲಿನಲ್ಲಿ ಕೊಬ್ಬು ಶೇಕಡಾ 4ರಷ್ಟು, ಪ್ರೋಟೀನು 1ರಷ್ಟು. ಈ ತೆಳು ಹಾಲು ಮತ್ತೆ ಮತ್ತೆ ಬೇಕು, ಅಂದರೆ ತಾಯಿ ಕೈಗೆಟಕುವಷ್ಟು ಹತ್ತಿರ ಇರಬೇಕು.

ಅಳುವ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡುವ ಅಜ್ಜಿಯರ ಜಾಣ್ಮೆಗೂ ಲೆಕ್ಕ ಸಿಕ್ಕಿದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ಸಂಗಡಿಗರು 2013ರಲ್ಲಿ ಆರು ತಿಂಗಳೊಳಗಿನ ಶಿಶುಗಳ ಹೃದಯಬಡಿತ ಅಳೆದರು. ತಾಯಿ ಎತ್ತಿಕೊಂಡು ಸುಮ್ಮನೆ ಕೂತಾಗ ಇಳಿಯದ ಬಡಿತ, ಎದ್ದು ನಡೆದ ಕೂಡಲೇ ಇಳಿಯಿತು, ಅಳುವೂ ತಗ್ಗಿತು. 2022ರ ಮುಂದಿನ ಅಧ್ಯಯನದಲ್ಲಿ ಅವರು ಕೊಟ್ಟ ಸಲಹೆ: ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತಿರಿ, ಆಮೇಲೆ ಮಲಗಿಸಿ.

ಆದರೆ ಎತ್ತಿಕೊಂಡವಳಿಗೆ ಕೈ ಬೇಕಲ್ಲ? ಕಳಸ, ಮೂಡಿಗೆರೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಎರಡೂ ಕೈ ರೆಂಬೆಯ ಮೇಲೆ, ಹಣ್ಣಿನ ಚೀಲ ಸೊಂಟದ ಮುಂದೆ. ಕೂಸಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೇ ನೆರಳಿನ ಮರಕ್ಕೆ ಸೀರೆಯ ಜೋಲಿ. 50 ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಮಂದಿರ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿದ್ದೂ ಈ ತೊಡಕಿಗೇ. ಜೋಲಿ ಬಿಟ್ಟ ಹೊತ್ತಿನಲ್ಲಿ ಕೂಸು ಕಂಕುಳಿಗೆ ಬರುತ್ತದೆ: ಸೊಂಟದ ಎಲುಬಿನ ಮೇಲೆ ಕುಂಡೆ, ಒಂದು ಕಾಲು ಮುಂದೆ, ಒಂದು ಹಿಂದೆ. ಈ ಭಂಗಿಯನ್ನು ನೆನಪಿಟ್ಟುಕೊಳ್ಳಿ.

ಬಟ್ಟೆಯಲ್ಲಿ ಕೂಸನ್ನು ಕಟ್ಟಿಕೊಳ್ಳುವುದು ಆಫ್ರಿಕದಿಂದ ಅಸ್ಸಾಂವರೆಗೆ ಹಳೆಯ ರೂಢಿ. ಅದು ಕಾರ್ಖಾನೆಯ ಸರಕಾದದ್ದು ಈಚೆಗೆ. 1960ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಟೋಗೋದಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ನರ್ಸ್ ಆ್ಯನ್ ಮೂರ್, ಅಲ್ಲಿನ ತಾಯಂದಿರನ್ನು ಕಂಡು ಊರಿಗೆ ಮರಳಿ, ತನ್ನ ತಾಯಿಯ ಕೈಯಿಂದ ಪಟ್ಟಿ ಹೊಲಿಸಿದಳು. 1969ರಲ್ಲಿ ಪೇಟೆಂಟ್ ಸಿಕ್ಕಿತು; ಅದೇ ಸ್ನಗ್ಲಿ. ಈಗ ನಾವು ಕಾಣುವ ಬಗೆಯದನ್ನು ಸಾಫ್ಟ್ ಸ್ಟ್ರಕ್ಚರ್ಡ್ ಕ್ಯಾರಿಯರ್ ಅನ್ನುತ್ತಾರೆ: ಮೆತ್ತೆಯಿಟ್ಟ ಸೊಂಟದ ಬೆಲ್ಟು, ಕೂಸಿನ ಬೆನ್ನಿಗೆ ಒಂದು ಅಗಲ ಬಟ್ಟೆ, ಎರಡು ಭುಜದ ಪಟ್ಟಿ, ಸೇರಿಸಲು ಬಕಲ್ಲುಗಳು. ಗಂಟು ಹಾಕಲು ಕಲಿಯಬೇಕಿಲ್ಲ, ಅಪ್ಪನಿಗೊಮ್ಮೆ ಅಮ್ಮನಿಗೊಮ್ಮೆ ಬಿಗಿ ಬದಲಿಸಬಹುದು.

ಇನ್ನು ಯಂತ್ರದ ಪರೀಕ್ಷೆ. ಮೊದಲನೆಯದು ಸೊಂಟದ ಕೀಲು. ತೊಡೆಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನಲ್ಲಿ ಕೂರುವುದು ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ. ಆದರೆ ಹುಟ್ಟಿದ ಕೂಸಿನ ಒರಳು ಇನ್ನೂ ಮೃದ್ವಸ್ಥಿ. ಗುಂಡು ಸರಿಯಾಗಿ ಕೂತಿದ್ದರೆ ಮಾತ್ರ ಅದರ ಸುತ್ತ ಬಟ್ಟಲು ಆಳವಾಗಿ ಬೆಳೆಯುತ್ತದೆ. ಕಾಲುಗಳನ್ನು ನೀಳವಾಗಿ ಜೋಡಿಸಿ ಬಿಗಿದರೆ ಗುಂಡು ಅಂಚಿಗೆ ಜಾರುವ ಅಪಾಯ ಹೆಚ್ಚು. ಜಪಾನಿನಲ್ಲಿ ಶಿಶುಗಳ ಕಾಲು ನೆಟ್ಟಗೆ ಸುತ್ತುವ ಪದ್ಧತಿ ಬಿಡಿಸಲು 1975ರಲ್ಲಿ ಅಭಿಯಾನ ನಡೆಯಿತು. ಅದಕ್ಕೆ ಮೊದಲು ನೂರಕ್ಕೆ ಒಂದರಿಂದ ಮೂರೂವರೆಯಷ್ಟಿದ್ದ ಕೀಲು ಜಾರುವ ತೊಂದರೆ, ಬಳಿಕ ಸಾವಿರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಜಾರಿದ ಕೀಲಿಗೆ ಮೂಳೆವೈದ್ಯರು ಹಾಕುವ ಪಾವ್ಲಿಕ್ ಪಟ್ಟಿಯೂ ಮಾಡುವುದು ಇಷ್ಟೇ: ತೊಡೆ ಮೇಲೆತ್ತಿ, ಮಂಡಿ ಅಗಲಿಸಿ ಹಿಡಿಯುವುದು. ನಮ್ಮ ಕಂಕುಳ ಕೂಸಿನ ಭಂಗಿ ಇದಕ್ಕೆ ತೀರ ಹತ್ತಿರ.

ಹಾಗಾಗಿ ಕ್ಯಾರಿಯರಿನ ಬಟ್ಟೆ ಕೂಸಿನ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದರ ಹಿಂಬದಿಯವರೆಗೆ ಹಬ್ಬಬೇಕು. ಮಂಡಿ ಕುಂಡೆಗಿಂತ ತುಸು ಮೇಲಿರಬೇಕು. ಬರೀ ತೊಡೆಸಂದಿಯಡಿ ಕಿರಿದಾದ ಪಟ್ಟಿಯಿದ್ದು ಕಾಲು ನೇತಾಡುವ ಮಾದರಿಗಳಲ್ಲಿ ಕೂಸು ಕೂತಿರುವುದಿಲ್ಲ, ಜೋತುಬಿದ್ದಿರುತ್ತದೆ. ಅದರಿಂದಲೇ ಆರೋಗ್ಯವಂತ ಕೂಸಿನ ಕೀಲು ಜಾರುತ್ತದೆಂದು ಹೆದರಬೇಕಿಲ್ಲ. ಆದರೂ ಕೊಳ್ಳುವುದೇ ಆದರೆ ಅಗಲದ್ದನ್ನು ಕೊಳ್ಳಿ. ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿದ್ದ ಕೂಸು, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದ ಕೂಸು, ಅದರಲ್ಲೂ ಹೆಣ್ಣು ಕೂಸಾದರೆ ಕೀಲನ್ನು ಮೊದಲು ವೈದ್ಯರಿಗೆ ತೋರಿಸಿ.

ಎರಡನೆಯದು ಉಸಿರು, ಮಹತ್ವದಲ್ಲಿ ಇದೇ ಮೊದಲು. ಕೂಸಿನ ತಲೆ ದೊಡ್ಡದು, ಕತ್ತು ಎಳೆಯದು, ಶ್ವಾಸನಾಳ ಮೆತ್ತಗಿನದು. ಗದ್ದ ಎದೆಗೆ ಒತ್ತಿದರೆ ನಾಳ ಮಡಚಿಕೊಳ್ಳುತ್ತದೆ, ಮೂಗು ಬಟ್ಟೆಗೆ ಹೂತರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎರಡರಲ್ಲೂ ಕೂಸು ಅಳುವುದಿಲ್ಲ, ಸುಮ್ಮನಾಗುತ್ತದೆ. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೆಗಲಿಗೆ ಇಳಿಬಿಡುವ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. 20 ವರ್ಷದಲ್ಲಿ ಕಡೇಪಕ್ಷ 14 ಸಾವು ಅದರ ಲೆಕ್ಕಕ್ಕೆ ಬಂದಿತ್ತು. ಅವುಗಳಲ್ಲಿ 12 ನಾಲ್ಕು ತಿಂಗಳೊಳಗಿನ ಶಿಶುಗಳು. ಬಕಲ್ಲಿನ ಕ್ಯಾರಿಯರ್ ಕೂಸನ್ನು ನೆಟ್ಟಗೆ ಕೂರಿಸುವುದರಿಂದ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ಕಟ್ಟಿದ ಮೇಲೆ ನೋಡಿ: ಮುಖ ಕಾಣುತ್ತಿದೆಯೇ, ಬಗ್ಗಿದರೆ ನೆತ್ತಿಗೆ ಮುತ್ತಿಡಲು ಎಟಕುತ್ತದೆಯೇ, ಗದ್ದದಡಿ ಒಂದು ಬೆರಳು ತೂರುತ್ತದೆಯೇ, ಬೆನ್ನು ಕುಸಿಯದೆ ಆತುಕೊಂಡಿದೆಯೇ.

ನಮ್ಮ ಕಡೆ ಇದಕ್ಕೊಂದು ಮಳೆಗಾಲದ ಸೇರ್ಪಡೆ ಬೇಕು. ಜೂನ್ ಹಿಡಿದರೆ ಬಿಡದ ಮಳೆಯಲ್ಲಿ ಕೂಸನ್ನು ಎದೆಗೆ ಕಟ್ಟಿ ಮೇಲೆ ರೈನ್‌ಕೋಟಿನ ಜಿಪ್ ಎಳೆದುಬಿಡುವುದು ಸುಲಭ. ಹಾಗೆ ಮಾಡಿದರೆ ಒಳಗೆ ಗಾಳಿಯಾಡುವುದಿಲ್ಲ, ಮುಖವೂ ಕಾಣುವುದಿಲ್ಲ. ಕೋಟಿನ ಬದಲು ಅಗಲ ಕೊಡೆ ಹಿಡಿಯಿರಿ. ಕಂಬಳಿ ಹೊದಿಸುವುದಾದರೆ ಕೂಸಿನ ಕತ್ತಿನಿಂದ ಕೆಳಗೆ.

ಮೂರನೆಯದು ಹೊರುವವರ ಬೆನ್ನು. ಕೂಸಿನ ಭಾರ ನಿಮ್ಮ ಬೆನ್ನೆಲುಬಿನಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 8 ಕಿಲೋ ಕೂಸು ಬೆನ್ನೆಲುಬಿಗಿಂತ 20 ಸೆಂಟಿಮೀಟರ್ ಮುಂದಿದೆ ಅನ್ನಿ. ಅದನ್ನು ಹಿಂದಕ್ಕೆಳೆದು ಸಮತೋಲ ಕಾಯುವ ಬೆನ್ನಿನ ಸ್ನಾಯುಗಳು ಎಲುಬಿಗೆ ಸುಮಾರು 5 ಸೆಂಟಿಮೀಟರ್ ಹಿಂದೆಯಷ್ಟೇ ಇವೆ. ಸನ್ನೆಗೋಲಿನ ಲೆಕ್ಕದಂತೆ ಅವು 32 ಕಿಲೋ ಭಾರದಷ್ಟು ಎಳೆಯಬೇಕು. ಪಟ್ಟಿ ಸಡಿಲಾಗಿ ಕೂಸು 25 ಸೆಂಟಿಮೀಟರಿಗೆ ಸರಿದರೆ 40 ಕಿಲೋ. ಐದು ಸೆಂಟಿಮೀಟರ್ ಸಡಿಲಕ್ಕೆ ಬೆನ್ನು ತೆರುವ ದಂಡ ಇನ್ನೊಂದು ಕೂಸಿನಷ್ಟು! ಸೊಂಟದ ಬೆಲ್ಟು ಹೊಟ್ಟೆಯ ಮೇಲೆ ಜಾರದೆ ಸೊಂಟದ ಎಲುಬಿನ ಮೇಲೆ ಕೂತರೆ ಭಾರದ ಬಹುಪಾಲು ಭುಜ ತಪ್ಪಿಸಿ ನೇರ ಕಾಲಿಗಿಳಿಯುತ್ತದೆ. ಮೊದಲು ಬೆಲ್ಟು ಬಿಗಿಯಿರಿ, ಆಮೇಲೆ ಭುಜದ ಪಟ್ಟಿ. ಕೈಯಲ್ಲಿ ಎತ್ತಿ ನಡೆಯುವುದಕ್ಕೆ ಜೋಳಿಗೆಯಲ್ಲಿ ಹೊತ್ತದ್ದಕ್ಕಿಂತ ಶೇಕಡಾ 16ರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆಂದು 2007ರ ಒಂದು ಅಮೆರಿಕನ್ ಅಧ್ಯಯನ ಕಂಡಿತ್ತು.

ಇನ್ನು ವಯಸ್ಸು. ಸಾಮಾನ್ಯವಾಗಿ ಮೂರೂವರೆ ಕಿಲೋದಿಂದ 15 ಅಥವಾ 20 ಕಿಲೋ ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಒಂದೇ ಪಟ್ಟಿ ಎರಡು ತುದಿಗೂ ಚೆನ್ನಾಗಿ ಹೊಂದುವುದು ಅಪರೂಪ. ಹಸುಗೂಸಿಗೆ ಕೂರುವ ಜಾಗದ ಅಗಲ ಕಿರಿದು ಮಾಡುವಂತಿರಬೇಕು, ಇಲ್ಲವಾದರೆ ಕಾಲು ಅತಿಯಾಗಿ ಸೀಳಿಕೊಂಡಂತಾಗುತ್ತದೆ. ಮೊದಲ ಆರು ತಿಂಗಳು ಮುಖ ಹೊರುವವರ ಕಡೆಗೇ ಇರಲಿ. ಬೆನ್ನಿಗೆ ಹಾಕಿಕೊಳ್ಳುವುದು ಕೂಸು ತಾನಾಗಿ ಕೂರಲು ಕಲಿತ ಮೇಲೆ. ತೂಕ ಕಡಿಮೆಯಿರುವ, ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಅಂಗಡಿಯ ಕ್ಯಾರಿಯರ್ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ವೈದ್ಯರ ಸೂಚನೆಯಂತೆ ತಾಯಿಯ ಎದೆಗೆ ಬರಿಮೈ ತಾಗಿಸುವ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಶುರುವಾದ ಅದನ್ನು ಹೆಚ್ಚು ಕೂಸುಗಳಿಗೆ ತಲುಪಿಸುವ ಬಗೆಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಪ್ರಯೋಗಿಸಿ ನೋಡಲಾಗಿದೆ.

ಎರಡು ವರ್ಷದ ಪೋರನಿಗೆ ಲೆಕ್ಕ ಬೇರೆ. 12 ಕಿಲೋ ಭಾರ ಮುಂದಿದ್ದರೆ ಕಾಲಡಿಯ ದಾರಿ ಕಾಣದು, ಬೆನ್ನೇ ಸರಿ. ಬಟ್ಟೆ ಅವನ ಹೆಗಲ ಮೂಳೆಯವರೆಗಾದರೂ ಬರಬೇಕು, ಇಲ್ಲವಾದರೆ ಹಿಂದಕ್ಕೆ ವಾಲಿ ನಿಮ್ಮನ್ನೂ ಎಳೆಯುತ್ತಾನೆ. ಕಳಸದ ಕಡೆಯ ಮುಳ್ಳೋಡಿಯಿಂದ ಕುದುರೆಮುಖದ ನೆತ್ತಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಜಾರುವ ಹಳ್ಳ, ಇಂಬಳ, ನೆತ್ತಿಯ ಗಾಳಿ, ಇವು ಯಾವ ಕ್ಯಾರಿಯರೂ ಬಗೆಹರಿಸುವ ಸಂಗತಿಗಳಲ್ಲ. ನೀವು ಬಿದ್ದರೆ ಕೂಸೂ ಬೀಳುತ್ತದೆ. ಕೂಸಿನೊಂದಿಗೆ ತೋಟದ ರಸ್ತೆಯ ಸುತ್ತಾಟವೇ ಸಾಕು.

ಸ್ಕೂಟರಿನ ವಿಷಯವನ್ನು ಬಿಡುವಂತಿಲ್ಲ. ಎದೆಗೆ ಕೂಸು ಕಟ್ಟಿಕೊಂಡು ಬೈಕಿನ ಹಿಂದೆ ಕೂರುವವರು ಮೂಡಿಗೆರೆ ಪೇಟೆಯಲ್ಲೂ ಕಾಣಸಿಗುತ್ತಾರೆ. ಕ್ಯಾರಿಯರ್ ನಡಿಗೆಗೆಂದು ಹೊಲಿದದ್ದು, ಡಿಕ್ಕಿಯ ಹೊಡೆತಕ್ಕಲ್ಲ. 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ 9 ತಿಂಗಳಿಂದ 4 ವರ್ಷದ ಮಕ್ಕಳನ್ನು ಬೈಕಿನಲ್ಲಿ ಒಯ್ಯಲು ಸವಾರನಿಗೆ ಜೋಡಿಸುವ ಪ್ರತ್ಯೇಕ ಸುರಕ್ಷತಾ ಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಇವಿಷ್ಟೂ ಕಡ್ಡಾಯ. ಕಾರಿನಲ್ಲೂ ಅಷ್ಟೇ, ಕ್ಯಾರಿಯರ್ ಮಕ್ಕಳ ಸೀಟಿಗೆ ಬದಲಿಯಲ್ಲ.

ಕೊಳ್ಳುವ ಮುನ್ನ ಸಾಧ್ಯವಾದರೆ ಕೂಸನ್ನು ಕೂರಿಸಿಯೇ ನೋಡಿ, ಅದೂ ಹೊಟ್ಟೆ ತುಂಬಿ ನಗುತ್ತಿರುವಾಗ. ಬೇರೆಯವರು ಬಳಸಿದ್ದನ್ನು ತೆಗೆದುಕೊಂಡರೆ ಬಕಲ್ಲು, ಹೊಲಿಗೆಗಳನ್ನು ಜಗ್ಗಿ ಪರೀಕ್ಷಿಸಿ. ಕಿರಿದಾದ ಪಟ್ಟಿ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ: ವೇಲನ್ನು ಕೂಸಿನ ಕುಂಡೆಯ ಅಡಿಯಿಂದ ಮಂಡಿಯಿಂದ ಮಂಡಿಗೆ ಹಾಸಿ, ನಿಮ್ಮ ಸೊಂಟಕ್ಕೆ ಬಿಗಿದರೆ ತೊಡೆಗೆ ಆಧಾರ ಸಿಗುತ್ತದೆ. ಯಾವ ಪಟ್ಟಿಯಾದರೂ ಒಮ್ಮೆ ಹೊಂದಿಸಿ ಮರೆಯುವಂತಿಲ್ಲ. ಮೂರು ತಿಂಗಳ ಕೂಸಿಗೆ ಸರಿಯಾಗಿದ್ದ ಅಗಲ ಆರಕ್ಕೆ ಕಿರಿದಾಗುತ್ತದೆ, ಕೂಸಿನ ತೂಕ ಏರಿದಂತೆ ಬೆಲ್ಟು ಜಾರತೊಡಗುತ್ತದೆ. ಲಸಿಕೆಗೆ ಕರೆದೊಯ್ದ ದಿನ ತೂಕ ಬರೆಸಿಕೊಂಡು ಬಂದ ಮೇಲೆ ಪಟ್ಟಿಗಳ ಅಳತೆಯನ್ನೂ ಹೊಸದಾಗಿ ಹೊಂದಿಸಿ.