ಇಸಿಜಿ ನಾರ್ಮಲ್, ಆಮೇಲೆ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬರತೊಡಗಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದೆನೋವಿನವರ ಜೊತೆಗೆ, ಯಾವ ತೊಂದರೆಯೂ ಇಲ್ಲದೆ ‘ಒಂದ್ಸಲ ಹಾರ್ಟ್ ಚೆಕ್ ಮಾಡಿಸಿಬಿಡೋಣ’ ಎಂದು ಬಂದವರೂ ಸಾಲಿನಲ್ಲಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಹತ್ತು ಖಚಿತವಾಗಿ ಹೃದಯದ ಕಾಯಿಲೆಯಿಂದಾದವು. ಉಳಿದ ಹತ್ತು ಹಾಗಿರಬಹುದು ಎಂದಷ್ಟೇ ಸಮಿತಿ ಹೇಳಿತು. ಭಯ ಹಬ್ಬಿದಷ್ಟು ವೇಗವಾಗಿ ಈ ಲೆಕ್ಕ ಹಬ್ಬಲಿಲ್ಲ.

ಆ ಆಸ್ಪತ್ರೆಯ ಹೆಸರಿಗೂ ಚಿತ್ರದುರ್ಗಕ್ಕೂ ಹಳೆಯ ನಂಟು. ‘ಜಯದೇವ’ ಎಂದರೆ ದುರ್ಗದ ಮುರುಘಾ ಮಠದ ಪೀಠಾಧಿಪತಿಯಾಗಿದ್ದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಕಡೆಯವರಿಗೆ ಹೃದಯ ಎಂದ ಕೂಡಲೇ ಬಾಯಿಗೆ ಬರುವ ಹೆಸರೂ ಅದೇ. ಆದರೆ ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ಮಾರಿಕಣಿವೆಯ ಸುತ್ತಲಿನ ಹಳ್ಳಿಯವರು ಹೆದ್ದಾರಿ ಮುಟ್ಟುವುದಕ್ಕೇ ಬೇರೆ ದಾರಿ ಸವೆಸಬೇಕು. ಯಾವ ಪರೀಕ್ಷೆ ಎಲ್ಲಿ ಆಗಬೇಕು, ಯಾವುದಕ್ಕೆ ಅಷ್ಟು ದೂರ ಹೋಗಬೇಕು ಎಂಬ ತಿಳಿವಳಿಕೆ ಇಲ್ಲಿನವರಿಗೆ ಬೆಂಗಳೂರಿನವರಿಗಿಂತ ಹೆಚ್ಚು ಬೇಕು.

ಮೊದಲನೆಯದು ಇಸಿಜಿ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ತಂತಿ ಅಂಟಿಸಿದರೆ ಐದು ನಿಮಿಷದಲ್ಲಿ ಗೆರೆಗಳ ಕಾಗದ ಹೊರಬರುತ್ತದೆ. ಹೃದಯದಲ್ಲಿ ಹುಟ್ಟಿ ಹರಿಯುವ ವಿದ್ಯುತ್ತನ್ನು ಹನ್ನೆರಡು ಕೋನಗಳಿಂದ ನೋಡಿದ ಚಿತ್ರ ಅದು. ಬಡಿತದ ಲಯ ತಪ್ಪಿದ್ದರೆ, ಈಗ ಹೃದಯಾಘಾತ ಆಗುತ್ತಿದ್ದರೆ, ಹಿಂದೆ ಆದದ್ದು ಗಾಯ ಉಳಿಸಿದ್ದರೆ ಅದರಲ್ಲಿ ಕಾಣಬಹುದು. ಆದರೆ ರಕ್ತನಾಳದಲ್ಲಿ ಅರ್ಧಕ್ಕರ್ಧ ಕೊಬ್ಬು ಕಟ್ಟಿಕೊಂಡಿದ್ದರೂ ಆರಾಮವಾಗಿ ಮಲಗಿದವರ ಇಸಿಜಿ ಸರಿಯಾಗಿಯೇ ಬರಬಹುದು. ‘ಮೊನ್ನೆ ತಾನೇ ಇಸಿಜಿ ತೆಗೆಸಿದ್ರು, ನಾರ್ಮಲ್ ಇತ್ತು, ಹೆಂಗಾಯ್ತು?’ ಎಂದು ಸಾವಿನ ಮನೆಯಲ್ಲಿ ಕೇಳಿಬರುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾಗದ ಸುಳ್ಳು ಹೇಳಿಲ್ಲ, ಅದು ಆ ಗಳಿಗೆಯದನ್ನಷ್ಟೇ ಹೇಳಿತ್ತು. ಎದೆನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ವೈದ್ಯರು ಮತ್ತೆ ಇಸಿಜಿ ತೆಗೆಯುವುದೂ ಇದಕ್ಕೇ. ಅದನ್ನು ‘ದುಡ್ಡು ಮಾಡೋ ದಾರಿ’ ಎಂದುಕೊಳ್ಳಬಾರದು.

ದಿನವಿಡೀ ಎದೆ ಡವಗುಟ್ಟದೆ ಯಾವಾಗಲೋ ಒಮ್ಮೆ ಡವಗುಟ್ಟುವವರಿಗೆ, ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬೀಳುವವರಿಗೆ ಹೋಲ್ಟರ್ ಎಂಬ ಪುಟ್ಟ ಇಸಿಜಿ ಯಂತ್ರ ಕಟ್ಟುತ್ತಾರೆ. ಒಂದು ಹಗಲು ಒಂದು ರಾತ್ರಿ ಅದು ಮೈಮೇಲೇ ಇದ್ದು ಪ್ರತಿ ಬಡಿತವನ್ನೂ ಬರೆದುಕೊಳ್ಳುತ್ತದೆ.

ಟಿಎಂಟಿಯದು, ಅಂದರೆ ಟ್ರೆಡ್‌ಮಿಲ್ ಪರೀಕ್ಷೆಯದು, ಬೇರೆ ದಾರಿ. ದುರ್ಗದ ಕೋಟೆ ಹತ್ತುವಾಗ ಎದೆ ಬಿಗಿದು, ಕೂತು ಸುಧಾರಿಸಿಕೊಂಡರೆ ಸರಿಹೋಗುತ್ತದೆ ಎನ್ನುವವರ ಇಸಿಜಿಯನ್ನು ಹಾಸಿಗೆಯ ಮೇಲೆ ತೆಗೆದು ಏನು ಪ್ರಯೋಜನ? ಹತ್ತಿಸಿಯೇ ನೋಡಬೇಕು. ಅಮೆರಿಕದ ಸಿಯಾಟಲ್‌ನ ವೈದ್ಯ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮವೇ ಇವತ್ತಿಗೂ ಹೆಚ್ಚಿನ ಕಡೆ ನಡೆಯುತ್ತಿದೆ. ಓಡುವ ಪಟ್ಟಿಯ ಮೇಲೆ ಗಂಟೆಗೆ 2.7 ಕಿಲೋಮೀಟರ್ ವೇಗದ ನಡಿಗೆಯಿಂದ ಶುರು, ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಕಡಿದಾಗುತ್ತದೆ. 220ರಲ್ಲಿ ವಯಸ್ಸು ಕಳೆದು, ಉಳಿದದ್ದರ ನೂರಕ್ಕೆ 85ರಷ್ಟು ಬಡಿತ ಮುಟ್ಟಿಸುವುದು ಗುರಿ. ಐವತ್ತರವರಿಗೆ ಅದು ನಿಮಿಷಕ್ಕೆ 145ರ ಹತ್ತಿರ. ಮೊಣಕಾಲು ನೋವಿನವರಿಗೆ ಇದು ಆಗದು. ಈಗಲೇ ಎದೆನೋವು ಇರುವವರನ್ನಂತೂ ಆ ಪಟ್ಟಿಯ ಮೇಲೆ ಹತ್ತಿಸಲೇಬಾರದು. ಹೆಂಗಸರಲ್ಲಿ ತೊಂದರೆ ಇಲ್ಲದಿದ್ದರೂ ‘ಪಾಸಿಟಿವ್’ ಬರುವುದು ಗಂಡಸರಿಗಿಂತ ಹೆಚ್ಚು. ಅಂದಹಾಗೆ, ಸೀರೆ ಉಟ್ಟು ಚಪ್ಪಲಿಯಲ್ಲಿ ಬಂದವರು ಆ ಏರು ಹತ್ತುವುದು ಕಷ್ಟ. ಚೂಡಿದಾರ್, ಶೂ ತರಲು ಮೊದಲೇ ಹೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಹೃದಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದು ಎಕೋ. ಇದರ ಹುಟ್ಟಿನ ಕಥೆ ಚೆನ್ನಾಗಿದೆ. ಹಡಗಿನ ಲೋಹದಲ್ಲಿ ಬಿರುಕು ಹುಡುಕಲು ಬಳಸುತ್ತಿದ್ದ ಶಬ್ದತರಂಗದ ಯಂತ್ರವೊಂದನ್ನು 1953ರಲ್ಲಿ ಸ್ವೀಡನ್ನಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಹೃದಯದ ಕಡೆ ತಿರುಗಿಸಿದರು. ಬಸುರಿಯರ ಸ್ಕ್ಯಾನಿಂಗ್‌ನಂತೆಯೇ ಇದರಲ್ಲೂ ವಿಕಿರಣವಿಲ್ಲ, ನೋವಿಲ್ಲ. ಕವಾಟಗಳು ತೆರೆದು ಮುಚ್ಚುವುದು, ಗೋಡೆಯ ದಪ್ಪ, ಮಕ್ಕಳ ಹೃದಯದ ರಂಧ್ರ ಎಲ್ಲವೂ ತೆರೆಯ ಮೇಲೆ ಕಾಣುತ್ತವೆ.

ಎಕೋ ವರದಿಯಲ್ಲಿ ಎಲ್ಲರೂ ಹುಡುಕುವುದು ‘ಇಎಫ್’ ಎಂಬ ಅಂಕಿಯನ್ನು. ಅದನ್ನು ಡ್ಯಾಂ ಲೆಕ್ಕದಲ್ಲಿ ನೋಡೋಣ. 1933ರ ನಂತರ 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಿನಿಂದ ಈ ಭಾಗದ ಜನಕ್ಕೆ 130 ಅಡಿಯ ಲೆಕ್ಕ ಬಾಯಿಪಾಠ. ಆದರೆ ಡ್ಯಾಂ ತುಂಬಿದೆ ಎಂದ ಮಾತ್ರಕ್ಕೆ ನಾಲೆಗೆ ಎಷ್ಟು ನೀರು ಹರಿಯಿತೆಂದು ತಿಳಿಯುವುದಿಲ್ಲ, ಹೊರಹರಿವನ್ನೂ ಕೇಳಬೇಕು. ಇಎಫ್ ಎಂದರೆ ಹೃದಯದಲ್ಲಿ ತುಂಬಿದ್ದರಲ್ಲಿ ಹೊರಹರಿದ ಪಾಲು. ಎಡ ಹೃತ್ಕುಕ್ಷಿಯಲ್ಲಿ 120 ಮಿಲಿಲೀಟರ್ ರಕ್ತ ತುಂಬಿ, ಒಂದು ಬಡಿತಕ್ಕೆ 70 ಹೊರಹೋದರೆ ಇಎಫ್ ನೂರಕ್ಕೆ 58. ‘ಅಯ್ಯೋ, ಬರೀ ಅರವತ್ತೇ?’ ಎಂದು ಬೆಚ್ಚುವವರಿದ್ದಾರೆ. ಅರವತ್ತು ಇಲ್ಲಿ ಫಸ್ಟ್ ಕ್ಲಾಸು. ನೂರು ಯಾರಿಗೂ ಬರುವುದಿಲ್ಲ. ನಲವತ್ತಕ್ಕಿಂತ ಇಳಿದರೆ ಹೃದಯ ಸೋತಿದೆ ಎಂದರ್ಥ. ಮಾತ್ರೆಗಳಿಂದ ಅದು ಮತ್ತೆ ಏರುವುದೂ ಉಂಟು. ಇಎಫ್ ಚೆನ್ನಾಗಿದ್ದೂ ಹೃದಯ ಬಿಗಿದುಕೊಂಡು ಸರಿಯಾಗಿ ತುಂಬದೆ ಉಸಿರು ಕಟ್ಟುವವರಿದ್ದಾರೆ, ಬಿಪಿ, ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ ವಿಶೇಷವಾಗಿ. ಆದ್ದರಿಂದ ಅಂಕಿಯೊಂದನ್ನೇ ಹಿಡಿದು ನಿರಾಳವಾಗುವುದೂ ತಪ್ಪು.

ರಕ್ತದಲ್ಲಿ ನೋಡುವುದು ಟ್ರೋಪೋನಿನ್. ಹೃದಯದ ಸ್ನಾಯು ಸಾಯುವಾಗ ಸೋರುವ ಪ್ರೋಟೀನ್ ಇದು. ನೋವು ಶುರುವಾದ ಕೂಡಲೇ ಏರುವುದಿಲ್ಲ, ಕೆಲವು ಗಂಟೆ ಬೇಕು. ಅದಕ್ಕೇ ಒಮ್ಮೆ ‘ನೆಗೆಟಿವ್’ ಬಂದರೂ ಮತ್ತೆ ರಕ್ತ ತೆಗೆಯುತ್ತಾರೆ.

ಇನ್ನು ಆಂಜಿಯೋಗ್ರಾಂ. ಮಣಿಕಟ್ಟಿನ ಅಥವಾ ತೊಡೆಸಂದಿನ ನಾಳದಿಂದ ಸಣ್ಣ ಕೊಳವೆ ತೂರಿಸಿ, ‘ಡೈ’ ಎಂಬ ದ್ರವ ಬಿಟ್ಟು, ಎಕ್ಸ್‌ರೇಯಲ್ಲಿ ಅಡ್ಡಿ ಎಲ್ಲಿದೆ ಎಂದು ನೋಡುವುದು. ಇದು ಪರೀಕ್ಷೆ. ಬಲೂನು, ಸ್ಟೆಂಟ್ ಹಾಕುವುದು ಆಂಜಿಯೋಪ್ಲಾಸ್ಟಿ, ಅದು ಚಿಕಿತ್ಸೆ. ಎರಡೂ ಒಂದೇ ಎಂದುಕೊಂಡು ಪರೀಕ್ಷೆಗೇ ಹೆದರಿ ವಾಪಸಾಗುವವರಿದ್ದಾರೆ. ನಿಜವಾಗಿ ದೂರದ ಪ್ರಯಾಣ ಬೇಕಾಗುವುದು ಇದಕ್ಕೆ.

ಇಸಿಜಿಗಂತೂ ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಸರಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ, ದೊಡ್ಡ ಹೃದಯಾಘಾತ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇಸಿಜಿಯನ್ನು ದೂರಕ್ಕೆ ಕಳಿಸುವುದು ಹೊಸದೇನಲ್ಲ. ಇಸಿಜಿಯ ಜನಕ ವಿಲೆಮ್ ಐಂಟ್‌ಹೋವನ್ ಅವರ ಯಂತ್ರ ಅಲ್ಲಾಡಿಸಲಾಗದಷ್ಟು ಭಾರವಿತ್ತು. ರೋಗಿ ಆಸ್ಪತ್ರೆಯಲ್ಲೇ ಉಪ್ಪುನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂತಿದ್ದರೆ, 1905ರಲ್ಲಿ ಅವರು ದೂರವಾಣಿ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ಆಚೆಯ ತಮ್ಮ ಪ್ರಯೋಗಾಲಯಕ್ಕೆ ಬಡಿತ ತರಿಸಿಕೊಂಡಿದ್ದರು.

ಎದೆ ಹಿಂಡಿದಂತಾಗಿ, ಬೆವರು ಸುರಿದು, ನೋವು ಎಡಗೈಗೋ ದವಡೆಗೋ ಏರಿದರೆ ‘ಗ್ಯಾಸು’ ಎಂದು ಸೋಡಾ ಕುಡಿದು ಕೂರುವುದಾಗಲಿ, ಬಾಡಿಗೆ ಕಾರು ಮಾಡಿಕೊಂಡು ನೇರವಾಗಿ ಬೆಂಗಳೂರಿಗೆ ಹೊರಡುವುದಾಗಲಿ ಬೇಡ. 108ಕ್ಕೆ ಫೋನ್ ಮಾಡಿ, ಹಿರಿಯೂರೋ ಹೊಸದುರ್ಗವೋ ಹೊಳಲ್ಕೆರೆಯೋ, ಹತ್ತಿರದಲ್ಲಿ ಮೊದಲು ಇಸಿಜಿ ಆಗಲಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಅದು ಆಗಬೇಕೆಂಬುದು ಜಗತ್ತಿನ ಹೃದ್ರೋಗ ತಜ್ಞರೆಲ್ಲ ಒಪ್ಪಿದ ನಿಯಮ. ಹೋಗುವಾಗ ಹಳೆಯ ಇಸಿಜಿ ಇದ್ದರೆ ಜೊತೆಗಿರಲಿ, ಇಲ್ಲವೇ ಮೊಬೈಲಿನಲ್ಲಿ ಅದರ ಫೋಟೋ ಇರಲಿ: ಇವತ್ತಿನ ಗೆರೆ ಹೊಸದೋ ಹಳೆಯದೋ ಎಂದು ತೀರ್ಮಾನಿಸಲು ವೈದ್ಯರು ಮೊದಲು ಕೇಳುವುದು ಅದನ್ನೇ.