ಕೋಲಿನ ತುದಿಯ ಗಾದೆ

ಆಫ್ರಿಕಾದ ಗಾದೆಗಳೆಂದರೆ ಹಿರಿಯರು ಕಿರಿಯರಿಗೆ ಹೇಳುವ ನೀತಿಪಾಠ ಎಂದು ತಿಳಿಯುವವರೇ ಹೆಚ್ಚು. ಘಾನಾದ ಅಕಾನ್ ಜನರ ರೂಢಿ ಬೇರೆಯದನ್ನೇ ತೋರಿಸುತ್ತದೆ. ಅಲ್ಲಿ ಅರಸನ ಮಾತನ್ನು ಸಭೆಗೆ ಮುಟ್ಟಿಸುವ ಒಕ್ಯಾಮೆಯ ಕೋಲಿನ ತುದಿಯಲ್ಲಿ ಗಾದೆಯೊಂದು ಕೆತ್ತನೆಯಾಗಿ ಕೂತಿರುತ್ತದೆ. ಮೊಟ್ಟೆ ಹಿಡಿದ ಕೈ ಅಂಥ ಕೆತ್ತನೆಗಳಲ್ಲೊಂದು: ಅಧಿಕಾರವನ್ನು ಬಿಗಿಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಈ ಬುದ್ಧಿಮಾತು ಪ್ರಜೆಗಳಿಗಲ್ಲ, ಅರಸನಿಗೆ. ಅದೂ ತುಂಬಿದ ಸಭೆಯಲ್ಲಿ.

ಮಂಗಳೂರಿನಲ್ಲಿ ಅಚ್ಚುಕೂಟ ತೆರೆದ ಬಾಸೆಲ್ ಮಿಷನ್ನಿಗೇ ಸೇರಿದ್ದ ಕ್ರಿಸ್ಟಾಲರ್ 1879ರಲ್ಲಿ 3,600 ಅಕಾನ್ ಗಾದೆಗಳನ್ನು ಪ್ರಕಟಿಸಿದರು. ಅಮೂಲ್ಯ ಕೆಲಸವೇ, ಆದರೆ ಯಾರು, ಯಾರಿಗೆ, ಯಾವ ಜಗಳದಲ್ಲಿ ಆಡಿದ ಮಾತೆಂಬುದು ಪಟ್ಟಿಗೆ ಸಿಕ್ಕುವುದಿಲ್ಲ. ಗಾದೆ ಕಿರಿಯರ ಬಾಯಿ ಮುಚ್ಚಿಸುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಒಂಟಿ ತಲೆ ಮಂತ್ರಾಲೋಚನೆ ನಡೆಸಲಾರದು ಎನ್ನುವುದೂ ಅಕಾನ್ ಗಾದೆಯೇ. ಹಿರಿಯರಿಗೆ ಎದುರಾಡಲು ಕಿರಿಯರು ಅದನ್ನೇ ಎತ್ತಿಕೊಳ್ಳಬಹುದು.